ಅಂಗವೈಕಲ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಎಷ್ಟು ದಿನದೊಳಗೆ, ಎಲ್ಲಿಗೆ ಹೋಗಬೇಕು?

ಅಪಘಾತವಾಗಿ ಕಾಲು ಹೋಯಿತು, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಯಿತು, ಪಾರ್ಶ್ವವಾಯು ಹೊಡೆಯಿತು, ಮಾನಸಿಕ ಕಾಯಿಲೆ ಬಂತು ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡವರಿಗೆ ನಮ್ಮ ಕಾನೂನಿನಲ್ಲಿ ರಕ್ಷಣೆ ಇದೆ. ಸರ್ಕಾರಿ ನೌಕರರಿಗಂತೂ ತುಂಬಾ ಗಟ್ಟಿಯಾದ ರಕ್ಷಣೆ ಇದೆ. ಆದರೂ ಎಷ್ಟೋ ಕೇಸುಗಳು ಬಾಗಿಲಲ್ಲೇ ಬಿದ್ದುಹೋಗುತ್ತವೆ. ಹಕ್ಕು ಇಲ್ಲ ಅಂತ ಅಲ್ಲ, ತಾರೀಕು ದಾಟಿದೆ ಅಂತ.

ತಾರೀಕು ದಾಟುವುದು ಸೋಮಾರಿತನದಿಂದ ಅಲ್ಲ. ಆಸ್ಪತ್ರೆ, ಸಾಲ, ಮನೆಯವರ ಚಿಂತೆ ಇವುಗಳ ಮಧ್ಯೆ ಜನ ಒಂದು ಕಚೇರಿಗೆ ಅರ್ಜಿ ಕೊಟ್ಟು, "ಕೊಟ್ಟಾಯಿತಲ್ಲ, ಉತ್ತರ ಬರಲಿ" ಎಂದು ಕಾಯುತ್ತಾರೆ. ಆ ಕಡೆ ಬೇರೆ ಕಚೇರಿಯಲ್ಲಿ ಅವರ ವಾಯಿದೆ ಮುಗಿದುಹೋಗುತ್ತದೆ. ಇಡೀ ಲೇಖನದಲ್ಲಿ ನೆನಪಿಡಬೇಕಾದ್ದು ಇದೊಂದೇ: ಒಂದು ಕಡೆ ಅರ್ಜಿ ಹಾಕಿ ಕಾಯುತ್ತಿದ್ದೀರಿ ಎಂದು ಇನ್ನೊಂದು ಕಡೆಯ ಗಡುವು ನಿಲ್ಲುವುದಿಲ್ಲ.

ಮೊದಲ ಕೆಲಸ: ತಾರೀಕು ಹುಡುಕಿ

ಆದೇಶದ ಪ್ರತಿ ಕೈಗೆ ಬಂದ ಕೂಡಲೇ ಅದರಲ್ಲಿರುವ ಆದೇಶದ ದಿನಾಂಕವನ್ನೂ, ನಿಮಗೆ ಅದು ತಲುಪಿದ ದಿನಾಂಕವನ್ನೂ ಬರೆದುಕೊಳ್ಳಿ. ಲಕೋಟೆ ಬಿಸಾಡಬೇಡಿ, ಅಂಚೆ ಮುದ್ರೆ ಮುಂದೆ ಸಾಕ್ಷಿಯಾಗುತ್ತದೆ. ಲೆಕ್ಕ ಹಾಕುವಾಗ ಮಾತ್ರ ಎರಡರಲ್ಲಿ ಯಾವುದು ಹಿಂದಿನದೋ ಅದನ್ನೇ ಹಿಡಿಯಿರಿ, ಯಾಕೆಂದರೆ ಕೆಲವು ಕಾಯ್ದೆಗಳಲ್ಲಿ ಆದೇಶ ಮಾಡಿದ ದಿನದಿಂದಲೇ ಲೆಕ್ಕ ಶುರುವಾಗುತ್ತದೆ. ಇನ್ನೊಂದು ಮಾತು: ಸಿಟ್ಟಿನಲ್ಲಿ ಅಂಚೆಯವರಿಂದ ಕಾಗದ ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ. ಸರಿಯಾದ ವಿಳಾಸಕ್ಕೆ ಕಳಿಸಿದ ಕಾಗದವನ್ನು ನೀವು ನಿರಾಕರಿಸಿದರೆ ಅದು ತಲುಪಿದಂತೆಯೇ ಎಂದು ಕೋರ್ಟು ಭಾವಿಸಬಹುದು. ಆಗ ಗಡುವೂ ಓಡುತ್ತಿರುತ್ತದೆ, ಕಾಗದವೂ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಖಾಸಗಿಯಲ್ಲಿ ಎಷ್ಟೋ ಸಲ ಕಾಗದವೇ ಇರುವುದಿಲ್ಲ. "ನಾಳೆಯಿಂದ ಬರಬೇಡಿ" ಎಂದು ಬಾಯಲ್ಲಿ ಹೇಳುತ್ತಾರೆ, ಇಲ್ಲವೇ ಗೇಟಿನಲ್ಲಿ ಕಾರ್ಡ್ ಕೆಲಸ ಮಾಡುವುದಿಲ್ಲ. ಆ ದಿನವೇ ಒಂದು ಇಮೇಲ್ ಅಥವಾ ವಾಟ್ಸಾಪ್ ಕಳಿಸಿ. "ಈ ದಿನ ಬೆಳಿಗ್ಗೆ ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ, ಕಾರಣ ಲಿಖಿತವಾಗಿ ಕೊಡಿ" ಎಂದಷ್ಟೇ ಬರೆದರೆ ಸಾಕು. ತೆಗೆದ ದಿನ ಯಾವುದು ಎಂಬ ಜಗಳಕ್ಕೆ ಈ ಎರಡು ಸಾಲೇ ಉತ್ತರವಾಗುತ್ತದೆ.

ಎರಡನೆಯದು: ಕಾಗದದಲ್ಲಿ ಏನು ಬರೆದಿದ್ದಾರೆ ನೋಡಿ, ಆದರೆ ಅದನ್ನೇ ನಂಬಬೇಡಿ

ಅಂಗವೈಕಲ್ಯದ ಕಾರಣ ತೆಗೆದಿದ್ದೇವೆ ಎಂದು ಯಾರೂ ಬರೆಯುವುದಿಲ್ಲ. ಅನಧಿಕೃತ ಗೈರುಹಾಜರಿ, ವೈದ್ಯಕೀಯವಾಗಿ ಅನರ್ಹ, ಸ್ವಯಂ ನಿವೃತ್ತಿ, ಕಾರ್ಯಕ್ಷಮತೆ ಸಾಲದು ಎಂದೆಲ್ಲ ಇರುತ್ತದೆ. ಅದನ್ನು ಓದಿ "ನನ್ನದು ಅಂಗವೈಕಲ್ಯದ ಕಾಯ್ದೆಗೆ ಬರಲ್ಲ" ಎಂದು ಸುಮ್ನೆ ಕೂತವರು ತುಂಬಾ ಜನ.

ಸುಪ್ರೀಂ ಕೋರ್ಟ್ ಈ ಕಾಗದಗಳ ಆಚೆಗೆ ನೋಡಿದೆ. ಪಂಜಾಬ್ ವಿದ್ಯುತ್ ಮಂಡಳಿಯ ನೌಕರ ಭಗವಾನ್ ದಾಸ್ ಸೇವೆಯಲ್ಲಿರುವಾಗ ಪೂರ್ತಿ ದೃಷ್ಟಿ ಕಳೆದುಕೊಂಡರು. ಕಾನೂನು ತನಗೆ ರಕ್ಷಣೆ ಕೊಡುತ್ತದೆ ಎಂಬುದೇ ಗೊತ್ತಿಲ್ಲದೆ, ನಿವೃತ್ತಿ ಕೊಡಿ, ಹೆಂಡತಿಗೆ ಕೆಲಸ ಕೊಡಿ ಎಂದು ತಾವೇ ಪತ್ರ ಬರೆದರು. ಆ ಪತ್ರವನ್ನು ಹಿಡಿದುಕೊಂಡು ಅವರನ್ನು ಹೊರಗೆ ಹಾಕಿದ್ದು ತಪ್ಪು, ಅವರಿಗೆ ಹಕ್ಕು ಏನಿದೆ ಎಂದು ತಿಳಿಸಬೇಕಾದದ್ದು ಮೇಲಧಿಕಾರಿಗಳ ಕರ್ತವ್ಯವಾಗಿತ್ತು ಎಂದು 2008ರಲ್ಲಿ ಕೋರ್ಟ್ ಹೇಳಿತು. ಅದಕ್ಕೂ ಮೊದಲು 2003ರಲ್ಲಿ ಕುನಾಲ್ ಸಿಂಗ್ ಪ್ರಕರಣದಲ್ಲಿ, ಕಾಲು ಕತ್ತರಿಸಬೇಕಾಗಿ ಬಂದ ಒಬ್ಬ ಕಾನ್‌ಸ್ಟೇಬಲ್‌ಗೆ ಅನರ್ಹತಾ ಪಿಂಚಣಿ ಕೊಟ್ಟಿದ್ದೇವೆ ಎಂಬುದು ಕೆಲಸ ಕಿತ್ತುಕೊಳ್ಳಲು ನೆಪವಾಗದು ಎಂದಿತ್ತು. 2021ರಲ್ಲಿ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ ಮಾನಸಿಕ ಕಾಯಿಲೆ ಇದ್ದ ಸಿಆರ್‌ಪಿಎಫ್ ಅಧಿಕಾರಿಯ ಮೇಲಿನ ಇಲಾಖಾ ವಿಚಾರಣೆಯೇ ತಾರತಮ್ಯದ ಭಾಗ ಎಂದಿತು. 2025ರ ಆಗಸ್ಟ್‌ನಲ್ಲಿ ತೆಲಂಗಾಣ ಸಾರಿಗೆ ನಿಗಮದ ಚಾಲಕರೊಬ್ಬರಿಗೆ ವರ್ಣಾಂಧತೆ ಇದೆ ಎಂದು ನಿವೃತ್ತಿ ಮಾಡಿದ್ದನ್ನು ಒಪ್ಪದೆ ಬದಲಿ ಕೆಲಸ ಕೊಡಿ ಎಂದು ಆದೇಶಿಸಿತು.

ಹಾಗಾಗಿ ರಾಜೀನಾಮೆಗೋ ಸ್ವಯಂ ನಿವೃತ್ತಿಗೋ ಸಹಿ ಹಾಕಿಬಿಟ್ಟಿದ್ದರೂ ಕೈಚೆಲ್ಲಬೇಡಿ. ಇನ್ನೂ ಹಾಕಿಲ್ಲವಾದರೆ, ದಯವಿಟ್ಟು ಹಾಕಬೇಡಿ.

ಮೂರನೆಯದು: ನೀವು ಯಾವ ಗುಂಪು?

ಗಡುವು ನಿಂತಿರುವುದೇ ಇದರ ಮೇಲೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 20(4) ಹೇಳುವುದು ಇಷ್ಟು: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಕೆಳಗಿನ ಹುದ್ದೆಗೆ ಇಳಿಸುವಂತಿಲ್ಲ. ಇರುವ ಹುದ್ದೆಯ ಕೆಲಸ ಮಾಡಲು ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆಯೇ ಇಲ್ಲದಿದ್ದರೆ, ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಸಂಖ್ಯಾತಿರಿಕ್ತ ಹುದ್ದೆಯಲ್ಲಿ, ಅಂದರೆ ಅವರಿಗಾಗಿಯೇ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆಯಲ್ಲಿ, ಇಟ್ಟುಕೊಳ್ಳಬೇಕು.

ಇಲ್ಲಿ "ಸರ್ಕಾರಿ ಸಂಸ್ಥೆ" ಅಂದರೆ ಬರೀ ವಿಧಾನಸೌಧದ ಇಲಾಖೆಗಳಲ್ಲ. ಸಾರಿಗೆ ನಿಗಮಗಳು, ಎಸ್ಕಾಂಗಳು, ಸರ್ಕಾರಿ ಬ್ಯಾಂಕುಗಳು, ಪಂಚಾಯಿತಿ, ನಗರಸಭೆ, ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳು ಎಲ್ಲವೂ ಇದರೊಳಗೆ ಬರುತ್ತವೆ. ಅನುದಾನಿತ ಶಾಲೆಯ ಶಿಕ್ಷಕರಿಗೆ ಈ ವಿಷಯ ಗೊತ್ತಿರುವುದು ಕಡಿಮೆ. ಪೊಲೀಸ್, ಅರೆಸೇನಾ ಪಡೆಗಳಂಥ ಕೆಲವು ಹುದ್ದೆಗಳನ್ನು ಮಾತ್ರ ಅಧಿಸೂಚನೆ ಹೊರಡಿಸಿ ಈ ರಕ್ಷಣೆಯಿಂದ ಹೊರಗಿಟ್ಟಿದ್ದಾರೆ, ಅಂಥವರು ಮೊದಲು ವಕೀಲರಿಗೆ ಅದನ್ನು ತೋರಿಸಿ ಕೇಳಬೇಕು.

ಖಾಸಗಿ ಕಂಪನಿಗಳಿಗೆ ಕಲಂ 20(4) ಅನ್ವಯಿಸುವುದಿಲ್ಲ. ಇದನ್ನು ನೇರವಾಗಿ ಹೇಳಲೇಬೇಕು, ಸುಳ್ಳು ಭರವಸೆಯಿಂದ ಯಾರಿಗೂ ಒಳ್ಳೆಯದಾಗಲ್ಲ. ಆದರೆ ತಾರತಮ್ಯ ಮಾಡಬಾರದು ಎಂಬ ಕಲಂ 3 ಇದೆ. ಸಮಾನ ಅವಕಾಶ ನೀತಿ ಇರಬೇಕು ಎಂಬ ಕಲಂ 21 ಖಾಸಗಿಗೂ ಅನ್ವಯಿಸುತ್ತದೆ. ಅದರ ಜೊತೆಗೆ ಕಾರ್ಮಿಕ ಕಾನೂನು ಇದೆ. ಖಾಸಗಿಯವರಿಗೆ ನಿಜವಾದ ಬಲ ಇರುವುದು ಈ ಕಾರ್ಮಿಕ ಕಾನೂನಿನಲ್ಲೇ.

ರಾಜ್ಯ, ಕೇಂದ್ರ ಸರ್ಕಾರಿ ನೌಕರರ ಗಡುವು

ರಾಜ್ಯ ನೌಕರರಿಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಬೆಂಗಳೂರಿನಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಕೇಂದ್ರ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ, ಅಂದರೆ ಸಿಎಟಿಯ ಬೆಂಗಳೂರು ಪೀಠ. ಎರಡಕ್ಕೂ 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಕಲಂ 21ರ ಗಡುವೇ ಇರುವುದು: ಅಂತಿಮ ಆದೇಶ ಆದ ದಿನದಿಂದ ಒಂದು ವರ್ಷ.

ಅದರೊಳಗೆ ಒಂದು ತೊಡಕು ಇದೆ. ನಿಯಮದಲ್ಲಿ ಇಲಾಖಾ ಮೇಲ್ಮನವಿಗೆ ಅವಕಾಶ ಇದ್ದರೆ ಮೊದಲು ಅದನ್ನು ಹಾಕಿ ಬರಬೇಕು ಎಂದು ನ್ಯಾಯಮಂಡಳಿ ಸಾಮಾನ್ಯವಾಗಿ ಕೇಳುತ್ತದೆ. ಆ ಮೇಲ್ಮನವಿಗೆ ಅದರದೇ ಗಡುವಿದೆ, ಕೇಂದ್ರ ನೌಕರರಿಗೆ 45 ದಿನ. ರಾಜ್ಯ ನೌಕರರು ತಮ್ಮ ಶಿಸ್ತುಕ್ರಮ, ಮೇಲ್ಮನವಿಗಳ ಸಿಸಿಎ ನಿಯಮದ ಗಡುವು ನೋಡಿಕೊಂಡು, ಮೊದಲ ತಿಂಗಳಲ್ಲೇ ಕೊಟ್ಟುಬಿಡುವುದು ಕ್ಷೇಮ. ಮೇಲ್ಮನವಿಗೆ ಉತ್ತರ ಬಂದರೆ ಆ ಉತ್ತರದ ದಿನದಿಂದ ಒಂದು ವರ್ಷ. ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ.

ಲೆಕ್ಕ ಮಾಡಿ ನೋಡೋಣ. ಕಡ್ಡಾಯ ನಿವೃತ್ತಿಯ ಆದೇಶ 2026ರ ಮಾರ್ಚ್ 10ಕ್ಕೆ ಆಯಿತು ಎಂದುಕೊಳ್ಳಿ. ಏಪ್ರಿಲ್ 8ಕ್ಕೆ ಮೇಲ್ಮನವಿ ಕೊಟ್ಟಿರಿ. ಜುಲೈ 1ಕ್ಕೆ ತಿರಸ್ಕರಿಸಿದರೆ ನಿಮಗೆ 2027ರ ಜುಲೈ 1ರವರೆಗೆ ಸಮಯ. ಉತ್ತರವೇ ಇಲ್ಲದಿದ್ದರೆ ಅಕ್ಟೋಬರ್ 8ಕ್ಕೆ ಆರು ತಿಂಗಳು ಮುಗಿಯಿತು, ಅಲ್ಲಿಂದ ಒಂದು ವರ್ಷ, 2027ರ ಅಕ್ಟೋಬರ್ 8. ಕೊನೆಯ ದಿನದವರೆಗೂ ಕಾಯಬೇಕಾಗಿಲ್ಲ. ಆರು ತಿಂಗಳು ಮುಗಿದ ಮರುವಾರವೇ ಹಾಕಿ.

ಜನ ಎಡವುವುದು ಈ ಲೆಕ್ಕದಲ್ಲಿ ಅಲ್ಲ, ಆಮೇಲಿನ ಮನವಿಗಳಲ್ಲಿ. ಒಂದು ಮನವಿ ತಿರಸ್ಕೃತವಾದ ಮೇಲೆ ಆಯುಕ್ತರಿಗೆ ಇನ್ನೊಂದು, ಸಚಿವರಿಗೆ ಮತ್ತೊಂದು, ಜನತಾ ದರ್ಶನದಲ್ಲಿ ಮಗದೊಂದು ಎಂದು ಕೊಡುತ್ತಾ ಹೋಗುತ್ತಾರೆ. ಒಂದೊಂದಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಹಿಂಬರಹ ಬರುತ್ತದೆ. ನಿಯಮದಲ್ಲಿಲ್ಲದ ಇಂಥ ಮನವಿಗಳು ಗಡುವನ್ನು ಉದ್ದ ಮಾಡುವುದಿಲ್ಲ ಎಂದು ಎಸ್. ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹತ್ತು ಹಿಂಬರಹ ಇದ್ದರೂ ಲೆಕ್ಕಕ್ಕೆ ಬರುವುದು ಮೊದಲ ಮೇಲ್ಮನವಿಯೇ.

ಪಿಂಚಣಿ ಪ್ರತಿ ತಿಂಗಳು ಕಡಿಮೆ ಬರುತ್ತಿದ್ದರೆ ಅದು ಪ್ರತಿ ತಿಂಗಳೂ ಆಗುವ ಅನ್ಯಾಯ ಎಂದು ತಡವಾಗಿಯಾದರೂ ಕೇಳಬಹುದು. ವಜಾ ಹಾಗಲ್ಲ, ಅದು ಒಂದೇ ಸಲ ನಡೆದು ಮುಗಿಯುವ ಘಟನೆ ಎಂದೇ ಕೋರ್ಟುಗಳು ನೋಡುತ್ತವೆ. "ನನಗೆ ಇವತ್ತಿಗೂ ಸಂಬಳ ಇಲ್ಲವಲ್ಲ" ಎಂಬ ವಾದದಿಂದ ಗಡುವು ಜೀವ ಪಡೆಯುವುದಿಲ್ಲ.

ಕಾರ್ಮಿಕರ ಗಡುವು: ಈಚೆಗೆ ಬದಲಾಗಿದೆ, ಗಮನಿಸಿ

ಕಾರ್ಖಾನೆ, ಗಾರ್ಮೆಂಟ್ಸ್, ಆಸ್ಪತ್ರೆ, ಸಾರಿಗೆ ನಿಗಮ, ಖಾಸಗಿ ಕಂಪನಿ, ಎಲ್ಲೇ ಇರಲಿ, ಆಡಳಿತದ ಹುದ್ದೆಯಲ್ಲದ ಕೆಲಸ ಮಾಡುವವರು ಬಹುತೇಕ ಕಾರ್ಮಿಕರೇ. ಮೇಲ್ವಿಚಾರಕರಾಗಿದ್ದು ತಿಂಗಳ ಸಂಬಳ 18,000 ದಾಟಿದ್ದರೆ, ಅಥವಾ ಮ್ಯಾನೇಜರ್ ಆಗಿದ್ದರೆ ಈ ಗುಂಪಿಗೆ ಬರುವುದಿಲ್ಲ. ಕಾರ್ಡಿನ ಮೇಲೆ ಮ್ಯಾನೇಜರ್ ಎಂದು ಬರೆದ ಮಾತ್ರಕ್ಕೆ ಮ್ಯಾನೇಜರ್ ಆಗುವುದಿಲ್ಲ, ನೀವು ನಿಜವಾಗಿ ಮಾಡುತ್ತಿದ್ದ ಕೆಲಸ ಏನು ಎಂದು ನೋಡುತ್ತಾರೆ.

ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ವಜಾ ಆದವರಿಗೆ ಮೂರು ವರ್ಷ ಸಮಯ ಇತ್ತು. ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಆರು ತಿಂಗಳೊಳಗೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗುವ ದಾರಿಯೂ ಇತ್ತು. 2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಗಡುವು ಎರಡು ವರ್ಷಕ್ಕೆ ಇಳಿದಿದೆ. "ಮೂರು ವರ್ಷ ಇದೆ ಬಿಡಿ" ಎನ್ನುವ ಹಳೆಯ ಮಾತು ಈಗಲೂ ಎಲ್ಲ ಕಡೆ ಓಡಾಡುತ್ತಿದೆ, ಅದನ್ನು ನಂಬಿ ಕೂರಬೇಡಿ. ಆ ತಾರೀಕಿಗಿಂತ ಮೊದಲು ವಜಾ ಆದವರೂ ಎರಡು ವರ್ಷ ಎಂದೇ ಲೆಕ್ಕ ಹಾಕಿಕೊಂಡರೆ ತಗಾದೆಯೇ ಇರಲ್ಲ.

ಹೋಗಬೇಕಾದ ದಾರಿ ಹೀಗಿದೆ. ಮೊದಲು ಕಾರ್ಮಿಕ ಇಲಾಖೆಯ ರಾಜಿ ಸಂಧಾನಾಧಿಕಾರಿಗೆ ಅರ್ಜಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆ ಕಡೆಯವರಿಗೆ ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿ. ಅರ್ಜಿ ಕೊಟ್ಟು 45 ದಿನ ಕಳೆದರೂ ಇತ್ಯರ್ಥವಾಗದಿದ್ದರೆ ನೀವೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಸರ್ಕಾರ ಕಳಿಸಿಕೊಡಲಿ ಎಂದು ಕಾಯಬೇಕಾಗಿಲ್ಲ. ಆದರೆ ನಿಮ್ಮನ್ನು ಕೆಲಸದಿಂದ ತೆಗೆದ ದಿನದಿಂದ ಎರಡು ವರ್ಷದೊಳಗೆ ನ್ಯಾಯಮಂಡಳಿಗೆ ಅರ್ಜಿ ಬಿದ್ದಿರಬೇಕು. ಸಂಧಾನ ನಡೆದ ದಿನಗಳನ್ನು ಇದರಲ್ಲಿ ಕಳೆಯುವುದಿಲ್ಲ. 2026ರ ಜನವರಿ 15ಕ್ಕೆ ತೆಗೆದಿದ್ದರೆ 2028ರ ಜನವರಿ 14 ನಿಮ್ಮ ಕೊನೆಯ ದಿನ ಎಂದು ಗೋಡೆಯ ಮೇಲೆ ಬರೆದುಕೊಳ್ಳಿ. ಸಂಧಾನಾಧಿಕಾರಿ ಮಾತುಕತೆ ವಿಫಲ ಎಂದು ವರದಿ ಕೊಟ್ಟರೆ, ಆ ವರದಿ ಸಿಕ್ಕ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕೆಂಬ ಇನ್ನೊಂದು ಗಡುವೂ ಸಂಹಿತೆಯಲ್ಲಿದೆ. ಹಾಗಾಗಿ ಎರಡರಲ್ಲಿ ಮೊದಲು ಬರುವುದನ್ನೇ ಹಿಡಿಯಿರಿ.

20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಇನ್ನೂ ಕೆಲಸದಲ್ಲಿದ್ದು, ಕುರ್ಚಿ, ರ‍್ಯಾಂಪ್, ಪಾಳಿ ಬದಲಾವಣೆ ಇಂಥದ್ದಕ್ಕೆ ಒದ್ದಾಡುತ್ತಿರುವವರಿಗೆ ಅದು ಉಪಯೋಗ. ಅಲ್ಲಿ ಒಂದು ವರ್ಷದೊಳಗೆ ದೂರು ಕೊಡಬೇಕು. ವಜಾ ಆದವರು ಅದರ ಹಿಂದೆ ತಿರುಗದೆ ಸಂಧಾನಾಧಿಕಾರಿ ಬಳಿಗೇ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈ ಎರಡು ಗುಂಪಿಗೂ ಸೇರದವರು

ನಿಗಮ, ಮಂಡಳಿ, ಸರ್ಕಾರಿ ಬ್ಯಾಂಕಿನ ಅಧಿಕಾರಿಗಳಿಗೆ ಸಾಮಾನ್ಯವಾಗಿ ಹೈಕೋರ್ಟಿನ ರಿಟ್ ಅರ್ಜಿಯೇ ದಾರಿ. ಕೆಲವು ಕೇಂದ್ರ ಸಂಸ್ಥೆಗಳನ್ನು ಅಧಿಸೂಚನೆ ಮೂಲಕ ಸಿಎಟಿಗೆ ಸೇರಿಸಿದ್ದಾರೆ, ಅಂಥವರಿಗೆ ಮೇಲೆ ಹೇಳಿದ ಒಂದು ವರ್ಷವೇ. ರಿಟ್‌ಗೆ ಇಷ್ಟೇ ದಿನ ಎಂಬ ಗಡುವು ಕಾಗದದ ಮೇಲೆ ಇಲ್ಲ. ಇಲ್ಲ ಎಂದು ಎರಡು ವರ್ಷ ಬಿಟ್ಟು ಹೋದರೆ "ಇಷ್ಟು ದಿನ ಎಲ್ಲಿದ್ದಿರಿ?" ಎಂದು ನ್ಯಾಯಮೂರ್ತಿಗಳು ಕೇಳುತ್ತಾರೆ, ಅಷ್ಟಕ್ಕೇ ಅರ್ಜಿ ಹೋಗಬಹುದು. ಆರು ತಿಂಗಳೊಳಗೆ ಹೋಗಿ.

ಖಾಸಗಿ ಕಂಪನಿಯ ಮ್ಯಾನೇಜರ್‌ಗಳ ಸ್ಥಿತಿ ಕಷ್ಟ. ಉಳಿಯುವುದು ಸಿವಿಲ್ ದಾವೆ, ಗಡುವು ಮೂರು ವರ್ಷ. ಸಿಗುವುದು ಹೆಚ್ಚಾಗಿ ಹಣ, ಕೆಲಸಕ್ಕೆ ವಾಪಸ್ ಸೇರಿಸಿ ಎಂಬ ಆದೇಶ ಸಾಮಾನ್ಯವಾಗಿ ಸಿಗಲ್ಲ. ಇವರು ಮುಂದೆ ಹೇಳುವ ವಿಕಲಚೇತನರ ಆಯುಕ್ತರಿಗೂ ಜೊತೆಗೇ ದೂರು ಕೊಡಬೇಕು.

ಆಯುಕ್ತರಿಗೆ ದೂರು ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ

ರಾಜ್ಯದಲ್ಲಿ ವಿಕಲಚೇತನರ ಅಧಿನಿಯಮದ ಆಯುಕ್ತರಿದ್ದಾರೆ, ಕೇಂದ್ರ ಸಂಸ್ಥೆಗಳಿಗೆ ದೆಹಲಿಯ ಮುಖ್ಯ ಆಯುಕ್ತರು. ಖರ್ಚಿಲ್ಲ, ವಕೀಲರು ಬೇಕಿಲ್ಲ, ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ. ಅವರ ಶಿಫಾರಸಿನ ಮೇಲೆ ಏನು ಕ್ರಮ ತೆಗೆದುಕೊಂಡೆವೆಂದು ಸಂಬಂಧಪಟ್ಟವರು ಮೂರು ತಿಂಗಳೊಳಗೆ ತಿಳಿಸಬೇಕು. ಎಷ್ಟೋ ಕಡೆ ಆಯುಕ್ತರ ನೋಟಿಸ್ ಬಂದ ಕೂಡಲೇ ಕಚೇರಿಯ ಧಾಟಿಯೇ ಬದಲಾಗುತ್ತದೆ.

ಆದರೆ ಅವರು ಕೊಡುವುದು ಶಿಫಾರಸು. ನಿವೃತ್ತಿಯಂಥ ಆದೇಶಕ್ಕೆ ತಡೆ ಕೊಡುವ ಅಧಿಕಾರ ಆಯುಕ್ತರಿಗಿಲ್ಲ ಎಂದು 2010ರಲ್ಲಿ, ವಿಕಲಚೇತನರ ಹಳೆಯ ಕಾಯ್ದೆ ಇದ್ದಾಗಲೇ, ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಅಲ್ಲಿ ದೂರು ಬಾಕಿ ಇದೆ ಎಂದು ಕೆಎಟಿಯ ಒಂದು ವರ್ಷವಾಗಲಿ, ಕಾರ್ಮಿಕರ ಎರಡು ವರ್ಷವಾಗಲಿ ನಿಲ್ಲುವುದಿಲ್ಲ. ಸರ್ಕಾರಿ ಸಂಸ್ಥೆಯಲ್ಲೇ ಇರುವ ಕುಂದುಕೊರತೆ ಅಧಿಕಾರಿಗೂ ಇದೇ ಮಾತು. ಅವರು ಎರಡು ವಾರದಲ್ಲಿ ವಿಚಾರಿಸಬೇಕೆಂದು 2016ರ ಕಾಯ್ದೆಯ ಕಲಂ 23 ಹೇಳುತ್ತದೆ. ಎರಡು ವಾರದಲ್ಲಿ ಆಗದಿದ್ದರೆ ನೀವು ಮುಂದಿನ ಹೆಜ್ಜೆ ಇಡಿ.

ಆದೇಶ ಇನ್ನೂ ಬಂದಿಲ್ಲದಿದ್ದರೆ ಇವತ್ತೇ ಈ ಪತ್ರ ಕೊಡಿ

ವೈದ್ಯಕೀಯ ಮಂಡಳಿಗೆ ಕಳಿಸಿದ್ದಾರೆ, ಕಾರಣ ಕೇಳಿ ನೋಟಿಸ್ ಬಂದಿದೆ ಎನ್ನುವ ಹಂತದಲ್ಲೇ ಸರ್ಕಾರಿ ಸಂಸ್ಥೆಯ ನೌಕರರು ಹೀಗೆ ಬರೆದು ಕೊಡಬಹುದು:

"ನಾನು ಸೇವೆಯಲ್ಲಿರುವಾಗ ಇಂಥ ದಿನಾಂಕದಂದು ಇಂಥ ಕಾರಣದಿಂದ ನನಗೆ ಅಂಗವೈಕಲ್ಯ ಉಂಟಾಗಿದೆ. ವೈದ್ಯಕೀಯ ದಾಖಲೆಗಳನ್ನು ಲಗತ್ತಿಸಿದ್ದೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 20(4)ರಂತೆ ನನ್ನನ್ನು ಸೇವೆಯಿಂದ ತೆಗೆಯುವಂತಿಲ್ಲ. ಅದೇ ವೇತನ ಶ್ರೇಣಿಯ ಸೂಕ್ತ ಹುದ್ದೆಗೆ ಬದಲಾಯಿಸಿ, ಹುದ್ದೆ ಇಲ್ಲದಿದ್ದರೆ ಸಂಖ್ಯಾತಿರಿಕ್ತ ಹುದ್ದೆಯಲ್ಲಿ ಮುಂದುವರಿಸಬೇಕೆಂದು ಕೋರುತ್ತೇನೆ."

ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ರಜೆ ಚೀಟಿ, ವೈದ್ಯರ ಪ್ರಮಾಣಪತ್ರಗಳನ್ನೂ ಹೀಗೇ ಕಳಿಸಬೇಕು. ಗೈರುಹಾಜರಿ ಎಂದು ತೆಗೆದ ಕೇಸುಗಳಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಈ ರಸೀದಿಗಳ ಮೇಲೆ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಈಗಲೇ ಅರ್ಜಿ ಹಾಕಿ. ಆದರೆ ಕಾರ್ಡ್ ಬರಲಿ, ಆಮೇಲೆ ಕೇಸು ಎಂದು ಕಾಯಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದ ಜೊತೆ ಅರ್ಜಿ ಹಾಕಬಹುದು, ಕಾರ್ಡನ್ನು ಆಮೇಲೆ ಸೇರಿಸಬಹುದು.

ಗಡುವು ದಾಟಿಹೋಗಿದ್ದರೆ

ಕೆಎಟಿ, ಸಿಎಟಿಯಲ್ಲಿ ಸಾಕಷ್ಟು ಕಾರಣ ತೋರಿಸಿದರೆ ವಿಳಂಬ ಮನ್ನಾ ಮಾಡುವ ಅವಕಾಶ ಇದೆ. ಮುಖ್ಯ ಅರ್ಜಿಯ ಜೊತೆಗೇ ವಿಳಂಬ ಮನ್ನಾ ಅರ್ಜಿ ಮತ್ತು ಅಫಿಡವಿಟ್ (ಪ್ರಮಾಣ ಮಾಡಿದ ಹೇಳಿಕೆ) ಕೊಡಬೇಕು. "ಆರೋಗ್ಯ ಸರಿಯಿರಲಿಲ್ಲ" ಎಂಬ ಒಂದು ಸಾಲು ಸಾಲದು. ಯಾವ ತಿಂಗಳು ಯಾವ ಆಸ್ಪತ್ರೆ, ಯಾವಾಗ ಶಸ್ತ್ರಚಿಕಿತ್ಸೆ, ಯಾವಾಗಿನಿಂದ ಓಡಾಡಲು ಆಯಿತು, ವಕೀಲರನ್ನು ಯಾವಾಗ ಕಂಡಿರಿ, ಎಲ್ಲವನ್ನೂ ಕ್ರಮವಾಗಿ ಬರೆದು ಒಂದೊಂದಕ್ಕೂ ಕಾಗದ ಲಗತ್ತಿಸಿ. ಅಂಗವೈಕಲ್ಯವೇ ವಿಳಂಬಕ್ಕೆ ಕಾರಣ ಆಗಿದ್ದಾಗ ಅದನ್ನು ನಾಚಿಕೆಯಿಲ್ಲದೆ, ವಿವರವಾಗಿ ಹೇಳಿ.

ಸಿವಿಲ್ ದಾವೆಯಲ್ಲಿ ಹೀಗೆ ಮನ್ನಾ ಮಾಡುವಂತಿಲ್ಲ, ಮೂರು ವರ್ಷ ಅಂದರೆ ಮೂರು ವರ್ಷವೇ. ಗಡುವು ಶುರುವಾಗುವ ಹೊತ್ತಿಗೇ ತೀವ್ರ ಮಾನಸಿಕ ಕಾಯಿಲೆಯಿಂದ ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದವರಿಗೆ ಮಾತ್ರ ಕಾಲಮಿತಿ ಕಾಯ್ದೆಯ ಕಲಂ 6 ಸ್ವಲ್ಪ ಸಮಯ ಕೊಡುತ್ತದೆ. ಕೈಕಾಲಿನ, ಕಣ್ಣಿನ ತೊಂದರೆಗೆ ಆ ರಿಯಾಯಿತಿ ಇಲ್ಲ.

ಕೇಸಿನ ಜೊತೆ ಗ್ರಾಚ್ಯುಟಿಯನ್ನು ಮರೆಯಬೇಡಿ. ಅಂಗವೈಕಲ್ಯದಿಂದ ಸೇವೆ ಕೊನೆಯಾದರೆ ಐದು ವರ್ಷ ಪೂರ್ತಿಯಾಗಿರಬೇಕೆಂಬ ಷರತ್ತು ಅನ್ವಯಿಸುವುದಿಲ್ಲ. "ನಿಮಗೆ ಐದು ವರ್ಷ ಆಗಿಲ್ಲ" ಎಂದು ಕಳಿಸಿಬಿಟ್ಟರೆ ಒಪ್ಪಬೇಡಿ.

ಹೊರದೇಶದಲ್ಲಿ ಕೆಲಸ ಮಾಡುವ ನಮ್ಮವರಿಗೆ ಒಂದು ಮಾತು, ಅಲ್ಲಿಯ ಗಡುವುಗಳು ಇಲ್ಲಿಗಿಂತ ತುಂಬಾ ಚಿಕ್ಕವು. ಬ್ರಿಟನ್‌ನಲ್ಲಿ ಮೂರು ತಿಂಗಳಿಗೆ ಒಂದು ದಿನ ಕಡಿಮೆ ಎಂಬ ಲೆಕ್ಕವೇ ಬಹಳ ಕಾಲದಿಂದ ನಡೆದುಬಂದಿದೆ. ಅಷ್ಟರೊಳಗೆ ಏಕಾಸ್ ಎಂಬ ಸಂಧಾನ ಸಂಸ್ಥೆಗೆ ಮೊದಲು ತಿಳಿಸಿರಬೇಕು. ಅದನ್ನು ಆರು ತಿಂಗಳಿಗೆ ಏರಿಸುವ ಕಾಯ್ದೆ 2025ರಲ್ಲಿ ಪಾಸಾಗಿದ್ದರೂ ಮೂರು ತಿಂಗಳು ಎಂದೇ ನಡೆದುಕೊಂಡರೆ ಅಪಾಯವಿಲ್ಲ. ಅಮೆರಿಕದಲ್ಲಿ ಕೆಲಸದಲ್ಲಿನ ತಾರತಮ್ಯದ ದೂರು ನೋಡುವ ಇಇಒಸಿ ಎಂಬ ಸಂಸ್ಥೆಗೆ 180 ದಿನ, ರಾಜ್ಯದಲ್ಲೂ ಅಂಥ ಸಂಸ್ಥೆ ಇರುವ ಕಡೆ 300 ದಿನ. ಅವರಿಂದ ಮೊಕದ್ದಮೆ ಹೂಡಬಹುದು ಎಂಬ ಪತ್ರ ಬಂದ ಮೇಲೆ ಕೋರ್ಟಿಗೆ 90 ದಿನ.

ವಕೀಲರಿಗೆ ದುಡ್ಡಿಲ್ಲ ಎಂಬ ಕಾರಣಕ್ಕೆ ಗಡುವು ಬಿಡಬೇಡಿ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಅಂಗವಿಕಲರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕು ಕೋರ್ಟಿನಲ್ಲಿ ಸಮಿತಿ ಇರುತ್ತದೆ. ಹೋಗಲು ಆಗದವರು 15100ಕ್ಕೆ ಫೋನ್ ಮಾಡಬಹುದು. ಹೋಗುವಾಗ ನೇಮಕಾತಿ ಆದೇಶ, ಕೊನೆಯ ಸಂಬಳ ಚೀಟಿ, ವಜಾ ಆದೇಶ ಮತ್ತು ಅದರ ಲಕೋಟೆ, ವೈದ್ಯಕೀಯ ಕಾಗದ, ನೀವು ಕೊಟ್ಟ ಮನವಿಗಳ ಸೀಲು ಹಾಕಿದ ಪ್ರತಿ, ಆಧಾರ್ ತೆಗೆದುಕೊಂಡು ಹೋಗಿ. ಎಲ್ಲಕ್ಕಿಂತ ಮೇಲೆ ಒಂದು ಬಿಳಿ ಹಾಳೆ ಇಟ್ಟು ದೊಡ್ಡ ಅಕ್ಷರದಲ್ಲಿ ಆದೇಶದ ದಿನಾಂಕ, ಮೇಲ್ಮನವಿಯ ದಿನಾಂಕ, ಕೊನೆಯ ದಿನಾಂಕ ಬರೆಯಿರಿ. ವಕೀಲರು ಸಿಕ್ಕ ಮೇಲೆ ಆ ಕೊನೆಯ ದಿನಾಂಕವನ್ನು ಅವರಿಗೆ ವಾಟ್ಸಾಪ್‌ನಲ್ಲೂ ಕಳಿಸಿ, ಅರ್ಜಿ ದಾಖಲಾದ ಸಂಖ್ಯೆ ನಿಮ್ಮ ಕೈಗೆ ಬರುವವರೆಗೆ ಕೇಳುತ್ತಲೇ ಇರಿ.